ಮುಳ್ಳಿಲ್ಲದ ಗಾಳ

ರಾಗಿ ಮುದ್ದೆಗೆ ಗೆಂಡೆ ಮೀನು ಬೀಳುತ್ತದೆ ಎಂದು ನನಗೆ ತೋರಿಸಿಕೊಟ್ಟವರು ಜನ್ಮದಲ್ಲಿ ಮೀನು ತಿನ್ನದ ಒಬ್ಬ ಮನುಷ್ಯ. ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ, ಮೈಮೇಲೆ ಖಾಕಿ, ಕೈಯಲ್ಲಿ ಬಿದಿರು ಗಳ. ಕೆರೆ ಏರಿಯ ಕೆಳಗೆ ಅವರು ಹಾಗೆ ಕೂತದ್ದನ್ನು ಮೊದಲ ಸಲ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ತಿರುಗಿಯೂ ನೋಡದೆ, "ನಗೋದಾದ್ರೆ ಆ ಕಡೆ ಹೋಗಿ ನಗ್ಲಾ, ಮೀನು ಹೆದರ್ಕತವೆ" ಅಂದರು.

ಅವರು ಸರ್ಕಾರಿ ಬಸ್ಸಿನ ಡ್ರೈವರು, ನಾನು ಅದೇ ಬಸ್ಸಿನ ಕಂಡಕ್ಟರು. ಹೆಸರು ಬರೆಯುವುದಿಲ್ಲ. ಅವರದು ಮಠಕ್ಕೆ ನಡೆದುಕೊಳ್ಳುವ ಮನೆತನ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅವರ ಅಣ್ಣಂದಿರಿಗೆ ಈ ಮೀನಿನ ವಿಷಯ ಇವತ್ತಿಗೂ ಗೊತ್ತಿಲ್ಲ. ಇರುವಷ್ಟು ದಿನ ಅವರು ಮುಚ್ಚಿಟ್ಟುಕೊಂಡದ್ದನ್ನು ಹೋದ ಮೇಲೆ ನಾನು ಹೆಸರು ಹಿಡಿದು ಸಾರುವುದು ಬೇಡ.

ನಡುವೆ ಒಂದೆರಡು ಸಲ ಡ್ಯೂಟಿ ಬದಲಾದದ್ದು ಬಿಟ್ಟರೆ ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಬೆಳಿಗ್ಗೆ ಅರಸೀಕೆರೆ ಬಿಟ್ಟು ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರು. ಅಲ್ಲಿಂದ ವಾಪಸು ಬರುವಾಗ ಹಳೇಬೀಡಿಗೂ ಜಾವಗಲ್‌ಗೂ ನಡುವೆ ಒಂದು ಹಳ್ಳಿಯೊಳಗೆ ಹೋಗಿ ನಿಲ್ಲಬೇಕು. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಹೋದರೆ ಒಂದೂವರೆಗೆ ಹೊರಡುವುದು. ಅಷ್ಟು ಹೊತ್ತು ಊಟ, ವಿಶ್ರಾಂತಿ. ನಾನು ಹೊಂಗೆ ಮರದ ನೆರಳಿಗೆ ಬಸ್ಸು ಬಂದ ತಕ್ಷಣ ಹಿಂದಿನ ಸೀಟಿನಲ್ಲಿ ಕಾಲು ಚಾಚುತ್ತಿದ್ದೆ. ಅವರು ಊಟದ ಡಬ್ಬಿ ಹಿಡಿದು ನೂರು ಹೆಜ್ಜೆ ಆಚೆಗಿನ ಕೆರೆಗೆ ಹೋಗುತ್ತಿದ್ದರು. ಕೆರೆಯೆಂದರೆ ದೊಡ್ಡದೇನಲ್ಲ, ಆ ಊರಿನ ದನಕರುಗಳಿಗೆ, ಏರಿ ಕೆಳಗಿನ ನಾಲ್ಕಾರು ತೆಂಗಿನ ತೋಟಗಳಿಗೆ ಸಾಕಾಗುವಷ್ಟು. ಬಿದಿರು ಗಳ ಮತ್ತು ದಾರ ಅಲ್ಲೇ ಒಂದು ತೋಟದ ಪಂಪ್‌ಹೌಸಿನ ಮೂಲೆಯಲ್ಲಿರುತ್ತಿದ್ದವು. ತೋಟದ ಯಜಮಾನರು ಆ ಊರಿನ ಹಿರಿಯರು, ಎಲ್ಲರೂ ಗೌಡ್ರು ಎನ್ನುತ್ತಿದ್ದರು.

ಗಾಳ ಹಾಕುವುದರಲ್ಲಿ ಅವರದೇ ಒಂದು ಕಟ್ಟುಪಾಡು ಇತ್ತು. ಎರೆಹುಳು ಮುಟ್ಟುತ್ತಿರಲಿಲ್ಲ. "ಒಂದು ಜೀವ ಚುಚ್ಚಿ ಇನ್ನೊಂದು ಜೀವ ಕರೆಯೋದು ನಮಗೆ ಒಗ್ಗಲ್ಲ" ಎನ್ನುತ್ತಿದ್ದರು. ಮುದ್ದೆಯ ಚೂರನ್ನು ಹುರಿಗಡಲೆ ಹಿಟ್ಟಿನಲ್ಲಿ ಹೊರಳಿಸಿ, ಗೋಲಿಯಂತೆ ಉಂಡೆ ಮಾಡಿ ಸಿಕ್ಕಿಸುತ್ತಿದ್ದರು. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಒಂದು ಸಣ್ಣ ಮುಳ್ಳಿರುತ್ತದಲ್ಲ, ಮೀನಿನ ಬಾಯಿಗೆ ಸಿಕ್ಕಿಕೊಂಡು ಬಿಡದಂತೆ ಹಿಡಿಯುವುದು, ಅದನ್ನು ಡಿಪೋದ ಅರದಲ್ಲಿ ಉಜ್ಜಿ ಉಜ್ಜಿ ನುಣ್ಣಗೆ ಮಾಡಿಬಿಟ್ಟಿದ್ದರು. ಹೀಗಾಗಿ ಹತ್ತರಲ್ಲಿ ಏಳು ಮೀನು ನೀರಿನಲ್ಲೇ ಜಾರಿಕೊಂಡು ಹೋಗುತ್ತಿದ್ದವು. ಉಳಿದ ಮೂರನ್ನು ದಡಕ್ಕೆ ತಂದು, ಒದ್ದೆ ಕೈಯಲ್ಲಿ ಹಿಡಿದು, ಎರಡು ಮಾತಾಡಿಸಿ ಬಿಡುತ್ತಿದ್ದರು. "ಏನಮ್ಮ, ಮೊನ್ನೆ ಬಂದೋಳು ನೀನೇ ಅಲ್ವಾ? ಬುದ್ಧಿ ಬ್ಯಾಡ್ವಾ?" ಎಂದು ಮೀನಿಗೆ ಬೈಯುವುದನ್ನು ನಾನೇ ಕೇಳಿದ್ದೇನೆ.

ಊರಿನವರಿಗೆ ಇದು ಹುಚ್ಚಾಟವಾಗಿ ಕಾಣುತ್ತಿತ್ತು. "ಬಿಡೋ ಬದ್ಲು ನಮಗಾದ್ರೂ ಕೊಡಿ ಡ್ರೈವರ್ರೇ, ಸಾರು ಮಾಡ್ಕತೀವಿ" ಎಂದು ಕೇಳುವವರಿದ್ದರು. ಇವರು ಕೊಡುತ್ತಿರಲಿಲ್ಲ. ನಿಮಗೆ ಬೇಕಿದ್ದರೆ ನೀವು ಹಿಡಿದುಕೊಳ್ಳಿ, ನಾನು ಹಿಡಿದದ್ದು ನೀರಿಗೇ ಎನ್ನುವುದು ಅವರ ಜವಾಬು. ಮೀನು ತಿನ್ನುವವರ ಮೇಲೆ ಅವರಿಗೆ ಒಂದಿಷ್ಟೂ ಅಸಡ್ಡೆ ಇರಲಿಲ್ಲ. ನನ್ನ ಡಬ್ಬಿಯಲ್ಲಿ ಮೀನು ಸಾರು ಇದ್ದ ದಿನ ಮುಚ್ಚಳ ತೆಗೆಯುವ ಮೊದಲೇ ವಾಸನೆ ಹಿಡಿದು, "ಇವತ್ತು ಅಮ್ಮ ಜೋರಾಗೇ ಕಳ್ಸವ್ರೆ ಕಣ್ಲಾ" ಎಂದು ನಗುತ್ತ ನಾಲ್ಕು ಹೆಜ್ಜೆ ದೂರ ಕೂರುತ್ತಿದ್ದರು.

ಮನೆಯಲ್ಲಿ ಅವರ ಹೆಂಡತಿಗೆ ಇದ್ಯಾವುದೂ ತಿಳಿಯದು. ಎರಡು ಮುದ್ದೆ ಕಟ್ಟಿ ಕಳಿಸುತ್ತಿದ್ದರು. ಒಂದು ಇವರಿಗೆ, ಇನ್ನೊಂದು ಕೆರೆಗೆ. ಮೀನಿನ ವಾಸನೆ ಹೋಗಲೆಂದು ಇವರು ಕೈಗೆ ನಿಂಬೆಹೋಳು ತಿಕ್ಕಿ, ಬಸ್ಸಿನ ಡೀಸೆಲ್ ವಾಸನೆಯನ್ನೂ ಸ್ವಲ್ಪ ಬಳಿದುಕೊಂಡು ಮನೆಗೆ ಹೋಗುತ್ತಿದ್ದರು. ಅವರು ನಿವೃತ್ತರಾದ ಮೇಲೆ ನಾನೊಮ್ಮೆ ಅವರ ಮನೆಗೆ ಹೋಗಿದ್ದಾಗ ಆ ತಾಯಿ ಬಹಳ ನೊಂದುಕೊಂಡು ಹೇಳಿದರು: "ಡ್ಯೂಟೀಲಿದ್ದಾಗ ಎಲ್ಡು ಮುದ್ದೆ ತಿಂದ್ಕೊಂಡ್ ಬರೋರು ಕಣಪ್ಪ. ಈಗ ಒಂದಕ್ಕೇ ಕೈ ತೊಳೀತಾರೆ. ನನಗ್ಯಾಕೋ ಭಯ ಆಗ್ತೈತೆ." ಗೋಡೆಗೆ ಒರಗಿ ಕೂತಿದ್ದ ಆ ಮಹಾನುಭಾವ ಸೂರು ನೋಡುತ್ತಿದ್ದರು. ನಾನು ಕಾಫಿ ಲೋಟದೊಳಗೆ ಮುಖ ಹುದುಗಿಸಿ ನಗು ನುಂಗಿಕೊಂಡೆ. ಆಚೆ ಬಂದಮೇಲೆ, "ಹೇಳ್ಬಿಡಿ ಅಣ್ಣಾ, ಪಾಪ, ಆವಮ್ಮ ಚಿಂತೆ ಮಾಡ್ತಾ ಇದಾರೆ" ಅಂದೆ. "ನೀನು ಬರೋಕ್ ಮುಂಚಿಂದ್ಲೂ ಹೇಳ್ಕೊಂಡ್ ಬಂದಿರೋ ಮೂವತ್ತು ವರ್ಷದ ಸುಳ್ಳು ಕಣ್ಲಾ. ಈಗ ಎಲ್ಲಿಂದ ಶುರು ಮಾಡ್ಲಿ?" ಅಂದರು.

ಆದರೆ ನಾನು ಅವರನ್ನು ಹಾಡಿ ಹೊಗಳಲು ಕೂತಿಲ್ಲ. ಟೈಮಿನ ವಿಷಯದಲ್ಲಿ ಅವರು ಕಲ್ಲು. ಒಂದೂವರೆ ಎಂದರೆ ಒಂದೂವರೆ. ಗಾಳಕ್ಕೆ ಎಂಥ ಮೀನೇ ಸಿಕ್ಕಿರಲಿ, ಒಂದು ಇಪ್ಪತ್ತೈದಕ್ಕೆ ದಾರ ಸುತ್ತಿ ಬಂದು ಸ್ಟೀರಿಂಗ್ ಹಿಡಿಯುತ್ತಿದ್ದರು. ಯಾರಾದರೂ ದೂರದಿಂದ ಕೈ ಬೀಸುತ್ತ ಓಡಿ ಬರುತ್ತಿದ್ದರೂ ನನ್ನ ಕಡೆ ತಿರುಗಿ, "ರೈಟ್ ಹೇಳು" ಎನ್ನುತ್ತಿದ್ದರು. ನಾನು ಎರಡು ಸೀಟಿ ಊದಲೇಬೇಕು. ಒಂದು ದಿನ ಜಗಳಕ್ಕೇ ನಿಂತೆ. ಅದಕ್ಕೆ ಅವರು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. "ಬಸ್ಸಿಗೆ ಕಾಯೋರು ಒಂದೂರಲ್ಲಿ ಇರಲ್ಲ ಕಣೋ, ಹನ್ನೆರಡೂರಲ್ಲಿ ಇರ್ತಾರೆ. ಬಿಸಿಲಲ್ಲಿ ನಿಂತಿರ್ತಾರೆ. ಇಲ್ಲಿ ನೀನು ಒಬ್ರಿಗೆ ಎಲ್ಡು ನಿಮಿಷ ಕೊಟ್ರೆ ಅಲ್ಲಿ ಅಷ್ಟೂ ಜನದ ಹತ್ರ ಕಿತ್ಕೊಂಡಂಗೆ."

ಹಾಗೆ ಬಿಟ್ಟುಹೋದವರಲ್ಲಿ ನನ್ನ ಅವ್ವನೂ ಒಬ್ಬಳು. ನಮ್ಮ ಮನೆ ಜಾವಗಲ್‌ನಲ್ಲಿ. ಅವಳಿಗೆ ಅರಸೀಕೆರೆಗೆ ಹೋಗಿ ಕಣ್ಣು ತೋರಿಸಬೇಕಿತ್ತು, ನಮ್ಮ ಬಸ್ಸಿಗೇ ಬರುತ್ತೇನೆಂದಿದ್ದಳು. ಸ್ಟ್ಯಾಂಡಿನ ಆ ತುದಿಯ ಸಂದಿಯಿಂದ ಬ್ಯಾಗು ಹಿಡಿದು, ಸೆರಗು ತಲೆಗೆ ಹಾಕಿಕೊಂಡು ಬರುತ್ತಿದ್ದುದು ನನಗೆ ಕಾಣುತ್ತಿತ್ತು. ಐವತ್ತು ಹೆಜ್ಜೆ ಇದ್ದೀತು. "ಅಣ್ಣಾ, ನಮ್ಮವ್ವ" ಅಂದೆ. ಅವರು ಗಡಿಯಾರ ನೋಡಿದರು. "ಟೈಮಾಯ್ತು. ರೈಟ್ ಹೇಳು." ನನ್ನ ಹೆತ್ತ ತಾಯಿಯನ್ನು ರಸ್ತೆಯಲ್ಲಿ ಬಿಟ್ಟು ನಾನೇ ಸೀಟಿ ಊದಿದೆ. ಮುಂದಿನ ಬಸ್ಸಿಗೆ ಅವಳು ಒಂದೂವರೆ ಗಂಟೆ ಕಾದಳಂತೆ. ಮಾರನೆಯ ದಿನ ಅವರು ಡ್ಯೂಟಿ ಮುಗಿಸಿಕೊಂಡು ನಮ್ಮ ಮನೆಗೇ ಬಂದು, "ತಪ್ಪಾಯ್ತು ಅಮ್ಮ, ಆದ್ರೆ ನಾಳೆನೂ ಇಂಗೇ ಮಾಡ್ತೀನಿ" ಎಂದು ಕೈ ಮುಗಿದರು. ಅವ್ವ ನಕ್ಕುಬಿಟ್ಟಳು. ನಾನು ನಗಲಿಲ್ಲ. ವರ್ಷಗಟ್ಟಲೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಇದನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದೆ ಹೇಳುವುದು ಸುಳ್ಳಾಗುತ್ತದೆ.

ಅವರ ಸರ್ವೀಸಿನ ಕೊನೆಯ ಬೇಸಿಗೆ ಬಂತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಶಿವರಾತ್ರಿ ಕಳೆದದ್ದೇ ತಡ, ಬಿಸಿಲು ಮೈಮೇಲೆ ಬಿದ್ದಂತಾಯಿತು. ನಮ್ಮ ಸೀಮೆಗೆ ಬಿಸಿಲು ಹೊಸದಲ್ಲ, ಆದರೆ ಅದು ಬೇರೆಯೇ ಬಿಸಿಲು. ರಸ್ತೆಯ ಡಾಂಬರು ಟೈರಿಗೆ ಅಂಟಿ ಚರಚರ ಎನ್ನುತ್ತಿತ್ತು. ಜನ ಬಸ್ಸು ಹತ್ತಿದ ಕೂಡಲೇ ಯಾವ ಕಡೆ ನೆರಳು ಎಂದು ಲೆಕ್ಕ ಹಾಕಿ ಎಲ್ಲರೂ ಒಂದೇ ಪಕ್ಕ ಕೂರುತ್ತಿದ್ದರು. ಬಸ್ಸು ಆ ಕಡೆಗೇ ವಾಲಿಕೊಂಡು ಓಡುತ್ತಿತ್ತು. ಅವರು ಟವೆಲು ಒದ್ದೆ ಮಾಡಿ ತಲೆಗೆ ಸುತ್ತಿ, ಇನ್ನೊಂದನ್ನು ಸ್ಟೀರಿಂಗಿಗೆ ಸುತ್ತುತ್ತಿದ್ದರು. ಬಾಣಾವರ ದಾಟುವಷ್ಟರಲ್ಲಿ ಎರಡೂ ಒಣಗಿ ಹಪ್ಪಳ. ಬಾನೆಟ್ಟಿನ ಮೇಲೆ ಇಟ್ಟ ಮಜ್ಜಿಗೆ ಬಾಟಲಿ ಕಾಫಿಯಂತೆ ಬಿಸಿಯಾಗುತ್ತಿತ್ತು. ತೆಂಗಿನ ಮರಗಳ ಗರಿ ಜೋತುಬಿದ್ದು, ಎಳೆಕಾಯಿ ಉದುರಿ ತೋಟದ ತುಂಬ ಹರಡಿರುತ್ತಿದ್ದವು.

ಆ ಕೆರೆ ನಮ್ಮ ಕಣ್ಣೆದುರಿಗೇ ಚಿಕ್ಕದಾಗುತ್ತ ಬಂತು. ಮೊದಲು ದನ ಕುಡಿಯುವ ಕಡೆಯ ನೀರು ಹೋಯಿತು, ಆಮೇಲೆ ಮಧ್ಯದಲ್ಲಿ ಮಣ್ಣು ಎದ್ದಿತು. ಏಪ್ರಿಲ್ ಕೊನೆಗೆ ಉಳಿದದ್ದು ತೂಬಿನ ಹತ್ತಿರ ಎರಡು ಬಸ್ಸು ನಿಲ್ಲುವಷ್ಟು ಅಗಲದ ಒಂದು ಗುಂಡಿ. ಇಡೀ ಕೆರೆಯ ಮೀನು ಅದರೊಳಗೆ ಕಿಕ್ಕಿರಿದಿದ್ದವು. ಮಧ್ಯಾಹ್ನದ ಹೊತ್ತಿಗೆ ನೀರು ಬಿಸಿಯಾಗಿ, ಬಾಯಿ ಮೇಲೆ ಮಾಡಿಕೊಂಡು ಗಾಳಿಗೆ ಬರುತ್ತಿದ್ದವು. ಅವತ್ತಿನಿಂದ ಅವರು ಗಾಳ ಹಾಕುವುದು ನಿಲ್ಲಿಸಿದರು. "ಏದುಸಿರು ಬಿಡ್ತಾ ಇರೋರ ಬಾಯಿಗೆ ಗಾಳ ಹಾಕ್ತಾರೇನ್ಲಾ?" ಅಂದರು. ಎರಡನೆಯ ಮುದ್ದೆಯನ್ನು ಕಿವುಚಿ ನೀರಿಗೆ ಹಾಕಿ, ಸುಮ್ಮನೆ ನೋಡುತ್ತ ಕೂರುತ್ತಿದ್ದರು.

ನೀರು ಅಷ್ಟಕ್ಕೆ ಇಳಿದರೆ ಆ ಊರಿನಲ್ಲಿ ಒಂದು ದಿನ ಗೊತ್ತುಮಾಡಿ, ಊರವರೆಲ್ಲ ಒಟ್ಟಿಗೆ ಇಳಿದು ಮೀನು ಹಿಡಿದು ಹಂಚಿಕೊಳ್ಳುವುದು ಪದ್ಧತಿ. ಅದರಲ್ಲಿ ತಪ್ಪೇನಿಲ್ಲ. ಬಿಟ್ಟರೆ ಅವು ಸತ್ತು ನಾರುತ್ತವೆ. ಬರುವ ಭಾನುವಾರ ಇಳಿಯುತ್ತೇವೆ ಎಂದು ಗೌಡ್ರು ಹೇಳಿದರು. ಅವತ್ತು ಇವರು ಅವರ ಮುಂದೆ ಕೈಕಟ್ಟಿ ನಿಂತದ್ದನ್ನು ನಾನು ನೋಡಿದೆ. ಆಫೀಸರುಗಳ ಮುಂದೆಯೂ ಅವರು ಹಾಗೆ ನಿಂತವರಲ್ಲ.

"ಗೌಡ್ರೇ, ರಾಗಿ ಒಕ್ಕಿದ ಮೇಲೆ ಎಲ್ಲಾನೂ ಮುದ್ದೆ ಮಾಡ್ಕೊಂಡ್ ತಿಂತೀರಾ? ಬೀಜಕ್ಕೆ ಒಂದಿಷ್ಟು ಎತ್ತಿಡಲ್ವಾ?"

"ಎತ್ತಿಡ್ತೀವಿ. ಅದಕ್ಕೇನೀಗ?"

"ಅಂಗೇ ಇವೂ ಒಂದಿಷ್ಟು ಬೀಜಕ್ಕೆ ಬಿಡಿ. ನಿಮ್ಮ ತೋಟದ ಬಾವೀಲಿ ಇನ್ನೂ ನೀರೈತೆ. ಅಲ್ಲಿಗೆ ಹಾಕ್ತೀನಿ. ಮಳೆ ಬಂದಾಗ ಕೆರೆಗೆ ಬಿಟ್ಕಳಿ."

"ನೀವು ತಿನ್ನೋರಲ್ಲ. ನಿಮಗ್ಯಾಕ್ರೀ ಇದರ ಉಸಾಬರಿ?"

"ತಿನ್ನಲ್ಲ. ಅದಕ್ಕೇ ಕೇಳ್ತಾ ಇದೀನಿ."

ಗೌಡ್ರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ, "ಆಗ್ಲಿ. ಭಾನುವಾರ ನಿಮ್ಮ ಬಸ್ಸು ನಿಂತಿರೋಗಂಟ ಗುಂಡಿ ನಿಮ್ದು, ಎಷ್ಟ್ ಬೇಕೋ ಹಿಡ್ಕಳಿ. ಬಸ್ಸು ಹೋದ್ಮೇಲೆ ನಮ್ದು. ಆಮೇಲೆ ಮಾತಿಲ್ಲ" ಅಂದರು.

ಭಾನುವಾರ ಬಸ್ಸು ನಿಂತ ತಕ್ಷಣ ಅವರು ಬೂಟು ಕಳಚಿದರು, ಪ್ಯಾಂಟು ಮಡಿಸಿದರು, ಗೌಡ್ರ ಮನೆಯ ಬಿದಿರು ಮಂಕರಿ ಹಿಡಿದು ಗುಂಡಿಗೆ ಇಳಿದರು. ಸೊಂಟದವರೆಗೆ ಕೆಸರು. ಗಾಳ ಬಿಟ್ಟು ಬೇರೆ ಯಾವುದರಲ್ಲೂ ಮೀನು ಹಿಡಿದು ಗೊತ್ತಿಲ್ಲದ ಮನುಷ್ಯ. ಮಂಕರಿ ಮುಳುಗಿಸುವುದು, ಎತ್ತುವುದು, ಅಷ್ಟರಲ್ಲಿ ಮೀನು ಹಾರಿಹೋಗುವುದು. ಏರಿಯ ಮೇಲೆ ನೆರಳು ಹಿಡಿದು ಕೂತಿದ್ದ ಊರ ಗಂಡಸರು ಮೊದಲು ನಕ್ಕರು, ಆಮೇಲೆ ಅಲ್ಲಿಂದಲೇ ಹೇಳಿಕೊಟ್ಟರು: "ಅಡ್ಡ ಹಿಡೀರಿ ಡ್ರೈವರ್ರೇ! ಕಾಲಲ್ಲಿ ಕೆದಕಿ!" ಸಿಕ್ಕವನ್ನು ಬಿಂದಿಗೆಗೆ ಹಾಕುತ್ತಿದ್ದರು. ಬಿಂದಿಗೆ ಹೊತ್ತು ಬಾವಿಗೆ ಸುರಿದು ಬರುವುದು ನನ್ನ ಕೆಲಸ. ಬರಿಗಾಲಿಗೆ ನೆಲ ಕಾದ ಹೆಂಚು. ಹೋಗಿಬಂದು, ಹೋಗಿಬಂದು, ನನಗೆ ಕಣ್ಣು ಕತ್ತಲೆ ಬರುವಂತಾಗಿತ್ತು. ಸಿಕ್ಕಿದ್ದೆಲ್ಲ ಬೆರಳುದ್ದದ ಮರಿಗಳು. ಮೊಟ್ಟೆ ತುಂಬಿದ ದೊಡ್ಡ ಗೆಂಡೆಗಳು ತೂಬಿನ ಕಲ್ಲಿನ ಸಂದಿಗೆ ಸೇರಿಕೊಂಡಿದ್ದವು. ಅವರಿಗೆ ಬೇಕಿದ್ದದ್ದು ಅವು. ಹನ್ನೊಂದು ವರ್ಷದಿಂದ ಹಿಡಿದು, ಮಾತಾಡಿಸಿ, ಬಿಟ್ಟವು.

ಒಂದು ಇಪ್ಪತ್ತೈದಕ್ಕೆ ನಾನು ಕೂಗಿದೆ. ಅವರು ಆಗ ತಾನೇ ಆ ಕಲ್ಲಿನ ಬಾಯಿಗೆ ಮಂಕರಿ ಅಡ್ಡ ಇಟ್ಟು, ಇನ್ನೊಂದು ಕೈ ಒಳಗೆ ಹಾಕಿ ತಡಕುತ್ತಿದ್ದರು. "ಇಲ್ಲೇ ಅವೆ ಕಣ್ಲಾ, ಕೈಗೆ ತಗಲ್ತಾ ಅವೆ" ಎಂದರು. ಮುಖದ ತುಂಬ ಕೆಸರು, ವಿಭೂತಿ ಬೆವರಿನಲ್ಲಿ ಕರಗಿ ಕೆನ್ನೆಗೆ ಇಳಿದಿತ್ತು. ಒಂದೂವರೆ ಆಯಿತು. ನಾನು ಏರಿಯ ಮೇಲೆ ನಿಂತು ಮತ್ತೆ ಕರೆದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಲೋ, ಒಂದ್ಹತ್ತು ನಿಮಿಷ ಕೊಡ್ತೀಯಾ?"

ಸ್ಟೀರಿಂಗ್ ಹಿಡಿಯುವವರು ಅವರು. ಅವರು ಬಾರದೆ ಬಸ್ಸು ಎಲ್ಲಿಗೂ ಹೋಗುವುದಿಲ್ಲ. ಸುಮ್ಮನೆ ಅಲ್ಲೇ ಇದ್ದಿದ್ದರೆ ನಾನೇನು ಮಾಡುತ್ತಿದ್ದೆ? ಆದರೂ ಕೇಳಿದರು. ನನಗೆ ಆ ಕ್ಷಣ ಕಂಡದ್ದು ಕೆರೆಯಲ್ಲ, ಮೀನಲ್ಲ. ಸೆರಗು ತಲೆಗೆ ಹಾಕಿಕೊಂಡು ಐವತ್ತು ಹೆಜ್ಜೆ ದೂರದಲ್ಲಿ ಬರುತ್ತಿದ್ದ ನನ್ನ ಅವ್ವ. ನಾನು ಬಹಳ ಮೆತ್ತಗಿನ ದನಿಯಲ್ಲಿ ಹೇಳಿದೆ: "ಜಾವಗಲ್‌ನಲ್ಲಿ ಜನ ಬಿಸಿಲಲ್ಲಿ ನಿಂತಿರ್ತಾರೆ ಅಣ್ಣಾ."

ಹೇಳಿ, ಅವರು ಉತ್ತರ ಕೊಡುವ ಮೊದಲೇ ಎರಡು ಸೀಟಿ ಊದಿದೆ.

ಅವರು ಕೈ ಹೊರಗೆ ತೆಗೆದರು. ಮಂಕರಿಯನ್ನು ದಡದಲ್ಲಿ ಬೋರಲು ಹಾಕಿ, ಉಳಿದಿದ್ದ ಬಗ್ಗಡದ ನೀರಿನಲ್ಲೇ ಕೈಕಾಲು ತೊಳೆದುಕೊಂಡು ಬಂದರು. ಸೀಟು ಕೆಸರಾಗಬಾರದೆಂದು ಟವೆಲು ಹಾಸಿ ಕೂತರು. ಬಸ್ಸು ಹೊರಟದ್ದೇ, ಏರಿಯ ಮೇಲಿದ್ದವರು ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿದರು. ಕೂಗು, ನಗು, ನೀರು ಬಡಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಅರ್ಧ ನಿಮಿಷಕ್ಕೊಮ್ಮೆ ಕನ್ನಡಿ ನೋಡುವ ಮನುಷ್ಯ ಆ ಏರಿ ಮರೆಯಾಗುವವರೆಗೆ ಕನ್ನಡಿಯತ್ತ ಕಣ್ಣು ಹಾಯಿಸಲಿಲ್ಲ.

ಜಾವಗಲ್‌ನಲ್ಲಿ ನಮ್ಮ ಬಸ್ಸಿಗೆ ಕಾಯುತ್ತಿದ್ದವರು ಇಬ್ಬರು. ಅವರೂ ಬಿಸಿಲಲ್ಲಿ ನಿಂತಿರಲಿಲ್ಲ. ಹೋಟೆಲಿನ ಫ್ಯಾನಿನ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದರು. ನಾವೇ ಹಾರನ್ ಹೊಡೆದು ಕರೆಯಬೇಕಾಯಿತು.

ಸಾಯಂಕಾಲ ಡಿಪೋದಲ್ಲಿ ನನಗೆ ತಡೆಯಲಾಗಲಿಲ್ಲ. "ಬೇಜಾರಾಯ್ತಾ ಅಣ್ಣಾ?" ಎಂದು ಕೇಳಿದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಒಣಗಿದ ಕೆಸರನ್ನು ಉಗುರಿನಿಂದ ಕೆರೆಯುತ್ತ, "ಬೇಜಾರೇನು ಬಂತು? ಟೈಮು ಟೈಮೇ ಕಣೋ. ನೀನು ಮಾಡಿದ್ದೇ ಸರಿ" ಅಂದರು. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಅವರು ಹಾಗೆಯೇ ನಂಬಿದ್ದರು. ನಾನು ಊದಿದ್ದು ಟೈಮಿಗಾಗಿ ಎಂದು ಆ ಪುಣ್ಯಾತ್ಮ ತಿಳಿದುಕೊಂಡಿದ್ದರು. ಅಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೇ ಕೊನೆಗೆ ಹಾರ ಹಾಕಿ, ಶಾಲು ಹೊದಿಸಿ ಬೀಳ್ಕೊಟ್ಟಾಗಲೂ ಬರಲಿಲ್ಲ.

ಜೂನ್‌ನಲ್ಲಿ ಮಳೆ ಬಂತು. ಗೌಡ್ರು ಮಾತು ಉಳಿಸಿಕೊಂಡು ಬಾವಿಯ ಮರಿಗಳನ್ನು ಕೆರೆಗೆ ಬಿಡಿಸಿದರು. ನಾನು ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. "ಮರಿಗಳು ತಾನೇ, ಬೆಳೀತವೆ ಬಿಡು" ಎಂದರು. ಒಂದು ದಿನ ಬನ್ನಿ ಎಂದು ಎಷ್ಟು ಸಲ ಕರೆದೆನೋ. "ಬಸ್ಸಿಲ್ಲದೆ ಅಷ್ಟು ದೂರ ಹೋಗ್ತೀನಿ ಅಂದ್ರೆ ಮನೇಲಿ ಯಾಕೆ ಅಂತ ಕೇಳ್ತಾರಲ್ಲೋ" ಎಂದು ನಗುತ್ತಿದ್ದರು. ಬರಲೇ ಇಲ್ಲ.

ಈ ವರ್ಷ ಯುಗಾದಿ ಕಳೆದು ವಾರವಾಗಿತ್ತು. ಬೇಲೂರಿನಲ್ಲಿದ್ದಾಗ ಡಿಪೋದಿಂದ ಫೋನ್ ಬಂತು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟರಂತೆ, ನಾಲ್ಕು ಗಂಟೆಗೆ ಸಮಾಧಿ. ನನ್ನ ಡ್ಯೂಟಿ ಮುಗಿಯುವುದು ಏಳಕ್ಕೆ. ಈಗ ನನ್ನ ಜೊತೆ ಇರುವ ಡ್ರೈವರು ಹೊಸ ಹುಡುಗ, ಅವರನ್ನು ನೋಡಿದವನೂ ಅಲ್ಲ. ದಾರಿಯುದ್ದಕ್ಕೂ ನಾನು ಮಾತಾಡದ್ದನ್ನು ಕಂಡು ಏನು ಸಾರ್ ಎಂದು ಕೇಳಿದ. ಹೇಳಿದೆ. ಅವರ ಮನೆ ಅರಸೀಕೆರೆ ಒಳಗೆ ಹೋಗುವ ರಸ್ತೆಯ ಪಕ್ಕದಲ್ಲೇ. ಶಾಮಿಯಾನ ಕಾಣಿಸುತ್ತಲೇ ಅವನು ಬಸ್ಸನ್ನು ಬದಿಗೆ ಹಾಕಿ ಇಂಜಿನ್ ಆರಿಸಿದ.

"ಟೈಮ್ ಆಗುತ್ತೆ ಕಣೋ" ಅಂದೆ.

"ಆಗ್ಲಿ ಸಾರ್, ಹೋಗ್ಬನ್ನಿ" ಎಂದು, ಹಿಂದಕ್ಕೆ ತಿರುಗಿ ಜನರಿಗೆ ಹೇಳಿದ. "ಒಂದ್ಹತ್ತು ನಿಮಿಷ ನಿಲ್ಲುಸ್ತೀವಿ. ನಮ್ಮ ಕಂಡಕ್ಟ್ರ ಕಡೆಯವರೊಬ್ರು ಹೋಗ್ಬಿಟ್ಟವ್ರೆ."

ಬಸ್ಸು ತುಂಬಿತ್ತು. ರಣಬಿಸಿಲು. ಮುಂದಿನ ಸೀಟಿನಲ್ಲಿ ಮಗು ಹಿಡಿದು ಕೂತಿದ್ದ ಹೆಂಗಸು, "ಹೋಗ್ಬನ್ನಿ ಕಂಡಕ್ಟ್ರೇ, ನಮಗೇನ್ ಅಂಥ ಅವಸರ" ಅಂದಳು.

ಪಡಸಾಲೆಯಲ್ಲಿ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಅವರನ್ನು ಕೂರಿಸಿದ್ದರು. ಪಾದ ಮುಟ್ಟಿ ನಮಸ್ಕಾರ ಮಾಡಿದೆ. ಅವತ್ತು ಊದಿದ್ದು ಟೈಮಿಗಲ್ಲ ಅಣ್ಣಾ, ಅವ್ವನನ್ನು ಬಿಟ್ಟುಬಂದ ಸಿಟ್ಟಿಗೆ ಎಂದು ಮನಸ್ಸಿನಲ್ಲೇ ಹೇಳಿದೆ. ಕೇಳುವವರು ಇರಲಿಲ್ಲ.

ವಾಪಸು ಬಂದು ಬಸ್ಸು ಹತ್ತಿ ಗಡಿಯಾರ ನೋಡಿಕೊಂಡೆ. ಹನ್ನೆರಡು ನಿಮಿಷವಾಗಿತ್ತು. ಯಾರೂ ಗೊಣಗಲಿಲ್ಲ. ಮಗು ನಿದ್ದೆ ಹೋಗಿತ್ತು. ಇಳಿದು ಮರದ ಕೆಳಗೆ ನಿಂತಿದ್ದ ನಾಲ್ಕು ಜನ ಮತ್ತೆ ಹತ್ತಿದರು. ಹುಡುಗ ನನ್ನ ಸೀಟಿಗಾಗಿ ಕನ್ನಡಿಯಲ್ಲಿ ನೋಡುತ್ತಿದ್ದ. ಸೀಟಿ ತುಟಿಗೆ ಇಟ್ಟುಕೊಂಡೆ, ಊದದೆ ಮತ್ತೆ ಕೆಳಗಿಳಿಸಿದೆ. ಹತ್ತು ನಿಮಿಷ ಎನ್ನುವುದು ಎಷ್ಟು ಸಣ್ಣ ವಸ್ತು ಎಂದು ನನಗೆ ಅಲ್ಲಿ, ಅಷ್ಟು ಜನರ ಎದುರಿಗೆ ನಿಂತು ಗೊತ್ತಾಯಿತು.